ಹತ್ತು ಪದರ, ಒಂದು ಹೂಪ್: ಮಗಳ ಟುಟು ಹೊಲಿದ ದಿನಚರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಟೈಲರ್ ಅಲ್ಲ. ತಿಪಟೂರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದವರ ಮಗಳು, ಅಷ್ಟೇ. ಕಾಜಾ ಹಾಕೋದು, ಗುಂಡಿ ಹಚ್ಚೋದು, ಲಂಗಕ್ಕೆ ನೆರಿಗೆ ಹಿಡಿಯೋದು ಎಲ್ಲ ಅಪ್ಪನ ಪಕ್ಕ ಕೂತು ಕಲಿತದ್ದು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ. ಹನ್ನೆರಡು ವರ್ಷದ ಮಗಳು ಬ್ಯಾಲೆ ಕಲಿಯುತ್ತಾಳೆ. ಡಿಸೆಂಬರ್ 7ಕ್ಕೆ ಅವಳ ಶೋ ಇತ್ತು, ಅದಕ್ಕೊಂದು ಟುಟು, ಅಂದರೆ ಬ್ಯಾಲೆಯವರು ಹಾಕಿಕೊಳ್ಳುವ ನೆಟ್ಟಿನ ಉಡುಪು, ಹೊಲಿದೆ. ಎರಡು ತಿಂಗಳು ಹಿಡಿಯಿತು. ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಗೀಚಿಟ್ಟುಕೊಂಡಿದ್ದನ್ನೇ ಸ್ವಲ್ಪ ನೆಟ್ಟಗೆ ಮಾಡಿ ಇಲ್ಲಿ ಹಾಕಿದ್ದೇನೆ. ನಾನು ಹುಡುಕಿದಾಗ ಕನ್ನಡದಲ್ಲಿ ಇದರ ಬಗ್ಗೆ ಏನೂ ಸಿಗಲಿಲ್ಲ, ಯಾರಿಗಾದರೂ ಬೇಕಾದೀತು. ತಪ್ಪುಗಳನ್ನು ಬಿಡದೆ ಬರೆದಿದ್ದೇನೆ. ದುಡ್ಡು ಮತ್ತು ನಿದ್ದೆ ಎರಡೂ ಹೋಗಿದ್ದು ಅಲ್ಲೇ.

ಅಕ್ಟೋಬರ್ 5, ಶನಿವಾರ

ಟೀಚರ್ ಕೊಟ್ಟ ಚೀಟಿಯಲ್ಲಿ ಎರಡೇ ಸಾಲು. ನಟ್‌ಕ್ರ್ಯಾಕರ್ ಬ್ಯಾಲೆಯಿಂದ ಶುಗರ್ ಪ್ಲಮ್ ಫೇರಿಯ ಸಣ್ಣ ತುಣುಕು, ವೇಷ ಪ್ಯಾನ್‌ಕೇಕ್ ಟುಟು (ತಟ್ಟೆ ಹಾಗೆ ಚಪ್ಪಟೆಯಾಗಿ ಅಡ್ಡ ನಿಲ್ಲುವಂಥದ್ದು), ಬಿಳಿ ಅಥವಾ ತಿಳಿ ನೇರಳೆ. ಬಾಡಿಗೆ ವಿಚಾರಿಸಿದೆ, ಒಂದು ವಾರಕ್ಕೆ 65 ಪೌಂಡ್ ಅಂದರು. ಹೊಸದು 250ರ ಮೇಲೆ. ನಾನೇ ಹೊಲಿಯುತ್ತೇನೆ ಅಂದುಬಿಟ್ಟೆ.

ಈ ಧೈರ್ಯ ಬಂದಿದ್ದು ಹೋದ ವರ್ಷದ ಶೋನಿಂದ. ಆಗ ಬೇಕಿದ್ದದ್ದು ರೊಮ್ಯಾಂಟಿಕ್ ಟುಟು, ಅಂದರೆ ಮೀನಖಂಡದವರೆಗೆ ಇಳಿಯುವ ಬಿಳಿ ಲಂಗ. 1832ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ನರ್ತಕಿ ಮರೀ ಟಾಗ್ಲಿಯೋನಿ ಲಾ ಸಿಲ್ಫೀಡ್ ಬ್ಯಾಲೆಯಲ್ಲಿ ಹಾಕಿಕೊಂಡು ಕುಣಿದಿದ್ದು ಆ ಜಾತಿಯದ್ದೇ. 1841ರ ಜಿಸೆಲ್‌ನ ಪ್ರೇತದ ಹುಡುಗಿಯರದ್ದೂ ಅದೇ. ಮೂರು ಪದರ ಮೆತ್ತನೆ ನೆಟ್ ತಂದು, ನೆರಿಗೆ ಹಿಡಿದು, ಸೊಂಟಕ್ಕೆ ಎಲಾಸ್ಟಿಕ್ ಹಾಕಿದೆ, ಒಂದು ಭಾನುವಾರದಲ್ಲಿ ಮುಗಿಯಿತು. ನಮ್ಮೂರಿನ ಲಂಗ ಹೊಲಿದವರು ಯಾರು ಬೇಕಾದರೂ ಅದನ್ನು ಹೊಲಿಯಬಹುದು. ಅದು ಬೀಳುವ ಬಟ್ಟೆ. ಈ ಸಲದ್ದು ನಿಲ್ಲುವ ಬಟ್ಟೆ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಿರಲಿಲ್ಲ.

ಅಳತೆ ತೆಗೆದೆ. ಸೊಂಟ 61 ಸೆಂಮೀ. ನೆಟ್ ಶುರುವಾಗುವ ಜಾಗದಲ್ಲಿ, ಅಂದರೆ ಸೊಂಟದಿಂದ 9 ಸೆಂಮೀ ಕೆಳಗೆ, 72. ಎದೆ 70. ಭುಜದಿಂದ ಶುರು ಮಾಡಿ ಕಾಲಸಂದಿಯಲ್ಲಿ ಹಾಯಿಸಿ ಮತ್ತೆ ಅದೇ ಭುಜಕ್ಕೆ ಬರುವ ಸುತ್ತಳತೆ 128. ಎಲ್ಲ ಅವಳು ನೆಟ್ಟಗೆ ನಿಂತಾಗ ತೆಗೆದಿದ್ದು. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ನವೆಂಬರಿನಲ್ಲಿ ಇದಕ್ಕೇ ಅತ್ತಿದ್ದೇನೆ.

ಅಕ್ಟೋಬರ್ 6

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದರು. "ಇದನ್ನ ಉಡೋದೋ ಹೊರೋದೋ?" ಅಂದರು. ಆಮೇಲೆ ಬಂದಿದ್ದು ಟೈಲರ್ ಪ್ರಶ್ನೆ: "ಲಂಗ ಎಲ್ಲಿಗೆ ಕಟ್ಟುತ್ತೆ?"

ಒಳ್ಳೆ ಪ್ರಶ್ನೆ. ಎಲ್ಲಿಗೂ ಕಟ್ಟುವುದಿಲ್ಲ. ಪ್ಯಾನ್‌ಕೇಕ್ ಟುಟು ಲಂಗವೇ ಅಲ್ಲ, ಅದೊಂದು ಚಡ್ಡಿ. ಚಡ್ಡಿಯ ಮೈಮೇಲೆ ಸಾಲುಸಾಲಾಗಿ ನೆಟ್ ಹೊಲಿದಿರುತ್ತಾರೆ. ಮೇಲಿನ ಸಾಲು ಎಲ್ಲಕ್ಕಿಂತ ಅಗಲ, ಕೆಳಗಿಳಿದಂತೆ ಒಂದೊಂದೂ ಚಿಕ್ಕದು, ಕಾಲಿನ ಅಂಚಿಗೆ ಬರುವಷ್ಟರಲ್ಲಿ ಎರಡು ಬೆರಳಿನಷ್ಟು. ಕೆಳಗಿನ ಗಿಡ್ಡ ಪದರಗಳು ಮೇಲಿನ ಉದ್ದದವನ್ನು ಎತ್ತಿ ಹಿಡಿಯುತ್ತವೆ. ಸೊಂಟದಿಂದ ಚಡ್ಡಿಯವರೆಗೆ ಮೈಗೆ ಅಂಟಿಕೊಂಡಿರುವ ಪಟ್ಟಿಗೆ ಬಾಸ್ಕ್ ಅನ್ನುತ್ತಾರೆ, ಎದೆಯ ಭಾಗ ಬಾಡಿಸ್.

ಟುಟು ಅನ್ನೋ ಹೆಸರೇ ಫ್ರೆಂಚ್ ಮಕ್ಕಳು ಕುಂಡಿಗೆ ಹೇಳುವ ಮುದ್ದು ಮಾತಿನಿಂದ ಬಂದಿದ್ದು ಅಂತ ನಿಘಂಟುಗಳು ಹೇಳುತ್ತವೆ. ಅಪ್ಪನಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ, ಹಿಂದೆ ಕೂತಿದ್ದ ಅಮ್ಮ ಜೋರಾಗಿ ನಕ್ಕರು.

ಅಕ್ಟೋಬರ್ 12 ಮತ್ತು 13: ಮೊದಲ ತಪ್ಪು

ಆನ್‌ಲೈನ್‌ನಲ್ಲಿ ಅಗ್ಗ ಅಂತ 8 ಮೀಟರ್ ಟ್ಯೂಲ್ ತರಿಸಿದೆ, ಮೀಟರಿಗೆ ಒಂದೂವರೆ ಪೌಂಡ್, ಒಟ್ಟು 12. ಮುಟ್ಟಿದರೆ ಬೆಣ್ಣೆ ಹಾಗೆ. ಆಗಲೇ ಅನುಮಾನ ಬರಬೇಕಿತ್ತು.

ಹಳೆ ಚಡ್ಡಿಯೊಂದಕ್ಕೆ ಪರೀಕ್ಷೆಗೆ ಅಂತ ಐದು ಪದರ ಕಚ್ಚಾ ಹೊಲಿಗೆ ಹಾಕಿದೆ, ಮೇಲಿನದು 27 ಸೆಂಮೀ. ಮಗಳು ಹಾಕಿಕೊಂಡು ನಿಂತಳು. ಎಲ್ಲ ಪದರವೂ ಒಟ್ಟಿಗೆ ತೊಡೆ ಮೇಲೆ ಜೋತುಬಿದ್ದವು, ಮಳೆಗೆ ಸಿಕ್ಕ ಕೊಡೆ ಹಾಗೆ. ಅವಳು ಕನ್ನಡಿ ನೋಡಿ, "ಇದು ಬೆಲ್ ಟುಟು ಅಮ್ಮ, ಡೆಗಾ ಚಿತ್ರದ್ದು" ಅಂದಳು. ಕ್ಲಾಸಿನ ಗೋಡೆ ಮೇಲೆ ಅಂಟಿಸಿದ್ದಾರಂತೆ. ಸರಿಯಾಗೇ ಹೇಳಿದ್ದಳು. ಫ್ರೆಂಚ್ ಚಿತ್ರಕಾರ ಎಡ್ಗಾರ್ ಡೆಗಾ ಬಿಡಿಸಿದ ಪ್ಯಾರಿಸ್ ಹುಡುಗಿಯರ ಲಂಗ ಹೀಗೇ, ಗಂಟೆ ಆಕಾರದಲ್ಲಿ, ಮಂಡಿಯ ಹತ್ತಿರಕ್ಕೆ ಇಳಿದಿರುತ್ತದೆ. ಅವರು ಬಳಸುತ್ತಿದ್ದದ್ದು ಟಾರ್ಲಟನ್, ಅಂದರೆ ಗಂಜಿ ಹಾಕಿದ ಜಾಳು ಹತ್ತಿಬಟ್ಟೆ. ನಮ್ಮಲ್ಲಿ ಕಾಟನ್ ಸೀರೆಗೆ ಗಂಜಿ ಹಾಕಿದರೆ ಬೆಳಿಗ್ಗೆ ಗರಿಗರಿ ಇದ್ದದ್ದು ಸಂಜೆಗೆ ಮುದುಡುತ್ತದಲ್ಲ, ಅದೇ ಕಥೆ ಅವರದ್ದೂ.

ಅಂದರೆ ಎರಡು ವರ್ಷದಲ್ಲಿ ನಾನು 1832ರಿಂದ 1870ರ ಆಸುಪಾಸಿಗೆ ಬಂದಿದ್ದೆ. ಟೀಚರ್‌ಗೆ ಬೇಕಿದ್ದದ್ದು ಇನ್ನೂ ದೂರ ಇತ್ತು.

ಕಲಿತದ್ದು: ಟ್ಯೂಲ್ ಬೇರೆ, ನೆಟ್ ಬೇರೆ. ಟ್ಯೂಲ್‌ನ ಕಣ್ಣು ಸಣ್ಣದು, ಬಟ್ಟೆ ಮೆತ್ತಗೆ. ನೆಟ್‌ನ ಕಣ್ಣು ದೊಡ್ಡದು, ಬಟ್ಟೆ ಒರಟು. ನಿಲ್ಲುವುದು ಒರಟು ಬಟ್ಟೆಯೇ.

ಅಕ್ಟೋಬರ್ 19

ರೈಲು ಹತ್ತಿ ಲಂಡನ್ನಿನ ಗೋಲ್ಡ್‌ಹಾಕ್ ರಸ್ತೆಗೆ ಹೋದೆ. ಬಟ್ಟೆ ಅಂಗಡಿಗಳ ಸಾಲು ಅದು, ಚಿಕ್ಕಪೇಟೆಯ ತಮ್ಮ ಅನ್ನಬಹುದು, ಚೌಕಾಸಿ ಕೂಡ ಸ್ವಲ್ಪ ನಡೆಯುತ್ತದೆ. ಈ ಸಲ ಕಣ್ಣಲ್ಲಿ ನೋಡಿ ಕೊಳ್ಳಲಿಲ್ಲ, ಮುಷ್ಟಿಯಲ್ಲಿ ಹಿಂಡಿ ಕೊಂಡೆ. ಹಿಂಡಿ ಬಿಟ್ಟ ತಕ್ಷಣ ಚಿಮ್ಮಿ ಬಿಚ್ಚಿಕೊಳ್ಳಬೇಕು. ನಾಲ್ಕು ಅಂಗಡಿ ಹಿಂಡಿದ ಮೇಲೆ ಒಂದು ಸಿಕ್ಕಿತು. ನೈಲಾನ್ ನೆಟ್, 137 ಸೆಂಮೀ ಪನ್ನ, ಮೀಟರಿಗೆ 3.20. ಏಳು ಮೀಟರ್, 22.40 ಪೌಂಡ್. ಅಂಗೈ ಕೆರೆದಂತಾಗುವಷ್ಟು ಒರಟು.

ಅದರ ಜೊತೆ: ಬಾಸ್ಕ್ ಮತ್ತು ಚಡ್ಡಿಗೆ ಕಾಟನ್ ಡ್ರಿಲ್ ಒಂದು ಮೀಟರ್ 8.50, ಸ್ಯಾಟಿನ್ ಒಂದು ಮೀಟರ್ 7, ಬಾಡಿಸ್‌ಗೆ ಸೆಟೆದು ನಿಲ್ಲಿಸುವ ಬೋನಿಂಗ್ ಪಟ್ಟಿ 4, ಕೊಕ್ಕೆಗಳು 2.50, ಸೊಂಟಕ್ಕೆ ಗಟ್ಟಿ ರಿಬ್ಬನ್ 1.80. ಹೂಪ್‌ಗೆ (ನೆಟ್ಟನ್ನು ಚಪ್ಪಟೆ ಹಿಡಿಯಲು ಪದರದೊಳಗೆ ತೂರಿಸುವ ದೊಡ್ಡ ಬಳೆ) ಪ್ಲಾಸ್ಟಿಕ್ ಸುತ್ತಿದ ಉಕ್ಕಿನ ಪಟ್ಟಿ 3 ಮೀಟರ್, ಅದರ ಜೋಡಣೆ ಕೊಳವೆ ಸೇರಿ 6.60. ಹೂಪ್ ತೂರಿಸುವ ಟೇಪ್ 2.40.

ಅಕ್ಟೋಬರ್ 20: ಕತ್ತರಿಸೋದು

ಹತ್ತು ಪದರ ಅಂತ ತೀರ್ಮಾನ. ದೊಡ್ಡವರದ್ದಕ್ಕೆ ಇನ್ನೂ ಜಾಸ್ತಿ ಹಾಕುತ್ತಾರೆ, ಮಗುವಿನ ಸೊಂಟಕ್ಕೆ ಹತ್ತು ಸಾಕು. ಅಗಲಗಳು ಮೇಲಿನಿಂದ ಕೆಳಕ್ಕೆ, ಸೆಂಟಿಮೀಟರಿನಲ್ಲಿ: 27, 26, 24, 22, 19, 16, 13, 10, 7, 4. ಮೇಲಿನ ಆರಕ್ಕೆ ಬಟ್ಟೆಯ ಪೂರ್ತಿ ಪನ್ನದ ಮೂರು ಪಟ್ಟಿ ಜೋಡಿಸಿದೆ, ಅಂದರೆ ಒಂದೊಂದೂ 4.1 ಮೀಟರ್ ಉದ್ದ. ಕೆಳಗಿನ ನಾಲ್ಕಕ್ಕೆ ಎರಡೆರಡು ಪಟ್ಟಿ. ಲೆಕ್ಕ ಹಾಕಿದರೆ 4.7 ಮೀಟರ್ ಬಟ್ಟೆ ಸಾಕು. ಮಿಕ್ಕ 2.3 ಮೀಟರ್ ನನ್ನ ತಪ್ಪುಗಳಿಗೆ ಮೀಸಲು ಅಂತ ಇಟ್ಟೆ.

ಅಂಚನ್ನು ನೇರವಾಗಿ ಬಿಡಬಾರದು, ಹಲ್ಲುಹಲ್ಲಾಗಿ ಕತ್ತರಿಸಬೇಕು. ರಟ್ಟಿನಲ್ಲಿ 3 ಸೆಂಮೀ ಅಗಲದ ತ್ರಿಕೋನ ಮಾಡಿಕೊಂಡು ನೆಟ್ ನಾಲ್ಕು ಮಡಿಕೆ ಮಾಡಿ ಕತ್ತರಿಸಿದೆ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ. ಈ ಹಲ್ಲು ಯಾಕೆ ಅಂತ ಮೊದಲು ಅರ್ಥ ಆಗಿರಲಿಲ್ಲ. ನೇರ ಅಂಚಿನ ಒಂದು ಪದರ ಪಕ್ಕದಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ, ನೇರ ಅಂಚು ದೂರಕ್ಕೆ ಗೆರೆ ಎಳೆದಂತೆ ಗಟ್ಟಿಯಾಗಿ ಕಾಣುತ್ತದೆ, ಹಲ್ಲಿನ ಅಂಚು ಗಾಳಿಯಲ್ಲಿ ಕರಗಿದಂತೆ.

ಸಂಜೆ ಸುಕ್ಕು ತೆಗೆಯೋಣ ಅಂತ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಕಾಟನ್‌ಗೆ ಇಟ್ಟಿದ್ದ ಶಾಖ ಇಳಿಸಿರಲಿಲ್ಲ. ಒಂದು ಸೆಕೆಂಡು, ಅಷ್ಟೇ. ಎತ್ತಿ ನೋಡಿದರೆ 26 ಸೆಂಮೀ ಪಟ್ಟಿಯಲ್ಲಿ ಇಸ್ತ್ರಿ ಪೆಟ್ಟಿಗೆ ಆಕಾರದ್ದೇ ತೂತು, ಪೆಟ್ಟಿಗೆಯ ಹೊಟ್ಟೆಗೆ ಕರಗಿದ ನೈಲಾನ್ ಅಂಟು. ಪಟ್ಟಿ ಬಿಸಾಕಿದೆ. ಪೆಟ್ಟಿಗೆ ಉಜ್ಜಲು ಅರ್ಧ ಗಂಟೆ.

ಅಕ್ಟೋಬರ್ 26 ಮತ್ತು 27: ಸೂಜಿ ಮುರಿದ ವಾರಾಂತ್ಯ

ಚಡ್ಡಿಯ ತುಂಡುಗಳನ್ನು ಮುಂದೆ ಮಾತ್ರ ಜೋಡಿಸಿ, ಹಿಂದೆ ಬಿಚ್ಚಿಟ್ಟು, ಮೇಜಿನ ಮೇಲೆ ಹಾಸಿ ಪೆನ್ಸಿಲಿನಲ್ಲಿ 1.2 ಸೆಂಮೀಗೆ ಒಂದರಂತೆ ಹತ್ತು ಗೆರೆ ಎಳೆದೆ. ಒಂದೊಂದು ಗೆರೆಗೆ ಒಂದೊಂದು ಪದರ.

4.1 ಮೀಟರ್ ನೆಟ್ಟನ್ನು 72 ಸೆಂಮೀಗೆ ಎಳೆದು ತರಬೇಕು. ಮಾಮೂಲಿ ಹಾಗೆ ಎರಡು ಸಾಲು ಉದ್ದ ಹೊಲಿಗೆ ಹಾಕಿ ದಾರ ಎಳೆದೆ. ಅರ್ಧಕ್ಕೆ ದಾರ ತುಂಡಾಯಿತು. ಮತ್ತೆ ಹಾಕಿದೆ, ಮತ್ತೆ ತುಂಡು. ಅಪ್ಪನಿಗೆ ಫೋನ್. "ನಾಲ್ಕು ಮೀಟರ್ ಒಂದೇ ಏಟಿಗೆ ಎಳೀತಾರೇನೇ? ನಾಲ್ಕು ಭಾಗ ಮಾಡ್ಕೋ, ಗುರುತು ಹಾಕ್ಕೋ, ದಪ್ಪ ದಾರ ಇಟ್ಟು ಅದರ ಮೇಲೆ ಅಂಕುಡೊಂಕು ಹೊಲಿಗೆ ಹಾಕು. ದಪ್ಪ ದಾರಕ್ಕೆ ಸೂಜಿ ತಾಗಿಸಬೇಡ." ಮೀನು ಹಿಡಿಯುವ ನೈಲಾನ್ ದಾರ ಮನೆಯಲ್ಲಿತ್ತು. ಅದನ್ನು ನೆಟ್ ಮೇಲೆ ಇಟ್ಟು ಜಿಗ್‌ಜ್ಯಾಗ್ ಹಾಕಿ ಎಳೆದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬಂತು. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದು.

ಆಮೇಲೆ ನನ್ನ ದಡ್ಡತನ. ಮೇಲಿನ ದೊಡ್ಡ ಪದರದಿಂದ ಶುರು ಮಾಡಿದೆ. ಮೂರನೇ ಪದರಕ್ಕೆ ಬರುವಷ್ಟರಲ್ಲಿ ಮಷೀನ್ ಕಾಣದಂತಾಯಿತು, ಹನ್ನೆರಡು ಮೀಟರ್ ನೆಟ್ ಸೂಜಿಯ ಸುತ್ತ ಎದ್ದು ನಿಂತಿತ್ತು. ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ತಳ್ಳಿ, ಗೆರೆ ಎಲ್ಲಿದೆ ಅಂತಲೇ ಕಾಣದೆ, ಎರಡು ಸೂಜಿ ಟಕ್ ಟಕ್ ಮುರಿದವು. ಎಲ್ಲ ಬಿಚ್ಚಿದೆ. ಬಿಚ್ಚುವಾಗ ಒಂದು ಪದರದ ಅಂಚು ಹರಿಯಿತು. ಭಾನುವಾರ ಕೆಳಗಿನ 4 ಸೆಂಮೀ ಪದರದಿಂದ ಶುರು ಮಾಡಿ ಮೇಲಕ್ಕೆ ಹೋದೆ. ಹೊಲಿದದ್ದು ಕೆಳಗೆ ಮಲಗಿರುತ್ತದೆ, ಮೇಲಿನ ಗೆರೆ ಖಾಲಿ ಕಾಣುತ್ತದೆ. ರಾತ್ರಿ ಹನ್ನೊಂದಕ್ಕೆ ಏಳು ಪದರ ಮುಗಿಯಿತು. ದಪ್ಪ ಬಟ್ಟೆಯ 100 ನಂಬರಿನ ಸೂಜಿ ಬಳಸಿ, ಸಾಮಾನ್ಯದ್ದು ಬೇಡ. ಪೂರ್ತಿ ಕೆಲಸಕ್ಕೆ ಮುರಿದದ್ದು ಆರು, ಹೊಸ ಪ್ಯಾಕೆಟ್ಟಿಗೆ 3.80.

ನವೆಂಬರ್ 1: ದೀಪಾವಳಿ

ಹತ್ತೂ ಪದರ ಕೂತಿದ್ದವು. ಹಿಂಭಾಗ ಇನ್ನೂ ಪಿನ್ನಿನಲ್ಲಿತ್ತು. ಸಂಜೆ ಹಿತ್ತಲಲ್ಲಿ ಹಣತೆ ಹಚ್ಚಿ ಸುರುಸುರುಬತ್ತಿ ಕೊಟ್ಟರೆ ಮಗಳು ಟುಟು ಹಾಕಿಕೊಂಡು ಬಾಗಿಲಿಗೆ ಬಂದಳು, ಫೋಟೋ ತೆಗಿ ಅಂತ. ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದರು.

ಕೂಗಿದ್ದು ಸುಮ್ನೆ ಅಲ್ಲ. ಎಮ್ಮಾ ಲಿವ್ರಿ ಅನ್ನೋ ನರ್ತಕಿ ಬಗ್ಗೆ ಹಿಂದಿನ ವಾರವಷ್ಟೇ ಓದಿದ್ದೆ. ಟಾಗ್ಲಿಯೋನಿಯೇ ಕೈಹಿಡಿದು ತಿದ್ದಿದ ಹುಡುಗಿ. 1862ರ ನವೆಂಬರ್ 15, ಪ್ಯಾರಿಸ್ ಒಪೆರಾದಲ್ಲಿ ರಿಹರ್ಸಲ್, ಗ್ಯಾಸ್ ದೀಪಕ್ಕೆ ಲಂಗ ತಾಗಿತು. ಎಂಟು ತಿಂಗಳು ನರಳಿ ಮರುವರ್ಷ ಜುಲೈನಲ್ಲಿ ತೀರಿಕೊಂಡಳು, ಇಪ್ಪತ್ತು ವರ್ಷ. ಬೆಂಕಿ ಹತ್ತದಂತೆ ಬಟ್ಟೆಗೆ ಪಟಿಕದಂಥ ಲವಣದ ನೀರು ಹಾಕುವ ಪದ್ಧತಿ ಆಗಲೇ ಬಂದಿತ್ತು. ಬಟ್ಟೆ ಬಿರುಸಾಗುತ್ತದೆ, ಬಣ್ಣ ಮಾಸುತ್ತದೆ ಅಂತ ಅವಳೇ ಬೇಡ ಅಂದಿದ್ದಳು. ಅದಕ್ಕೂ ಮೊದಲು 1844ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗದ ಮೇಲೆ ನರ್ತಕಿ ಕ್ಲಾರಾ ವೆಬ್‌ಸ್ಟರ್‌ಗೆ ಹೀಗೇ ಬೆಂಕಿ ಹತ್ತಿ, ಕೆಲವೇ ದಿನದಲ್ಲಿ ಹೋದಳು.

ರಾತ್ರಿ ಮಗಳು ಮಲಗಿದ ಮೇಲೆ ಸಿಂಕಿನಲ್ಲಿ ಪರೀಕ್ಷೆ ಮಾಡಿದೆ. ಇಕ್ಕಳದಲ್ಲಿ ಗಂಜಿ ಹಾಕಿದ ಮಲ್ ಬಟ್ಟೆಯ ಚೂರು, ಅಂಗೈ ಅಗಲದ್ದು. ಕಡ್ಡಿ ತಾಗಿಸಿದೆ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇರಲಿಲ್ಲ, ಇಕ್ಕಳದ ತುದಿಯಲ್ಲಿ ಕಪ್ಪು ಎಳೆ ಮಾತ್ರ. ಎರಡನೆಯದು ನನ್ನ ನೈಲಾನ್ ನೆಟ್. ಅದು ಹಾಗೆ ಭುಗ್ ಅನ್ನಲಿಲ್ಲ, ಮುದುಡಿ ಹಿಂದೆ ಸರಿಯಿತು, ಆದರೆ ಕರಗಿ ಹನಿ ಹನಿಯಾಗಿ ಸಿಂಕಿಗೆ ಬಿತ್ತು. ಆ ಹನಿ ತೊಡೆ ಮೇಲೆ ಬಿದ್ದರೆ ಅಂತ ಯೋಚಿಸಿ ಕೈ ತಣ್ಣಗಾಯಿತು. ಟುಟು ಹಾಕಿಕೊಂಡಾಗ ಮೇಣದಬತ್ತಿ, ಹೀಟರ್, ಸುರುಸುರುಬತ್ತಿ ಯಾವುದರ ಹತ್ತಿರಕ್ಕೂ ಹೋಗುವ ಹಾಗಿಲ್ಲ, ಮನೆಯಲ್ಲಿ ಕಾನೂನು ಆಯಿತು.

ನವೆಂಬರ್ 3

ಹಿಂಭಾಗದ ಹೊಲಿಗೆ ಹಾಕಿ, ಕಾಲಸಂದಿ ಜೋಡಿಸಿ, ಕಾಲಿಗೆ ಎಲಾಸ್ಟಿಕ್ ಹಾಕಿದೆ. ಹೂಪ್ ಇನ್ನೂ ಇಲ್ಲ. ಹಾಕಿಸಿ ನೋಡಿದರೆ ಚೆನ್ನಾಗೇ ಇದೆ! ಸ್ವಲ್ಪ ಕೆಳಕ್ಕೆ ಬಾಗಿ, ಮೆತ್ತಗೆ ಉಬ್ಬಿ, ಪೌಡರ್ ಪಫ್ ಹಾಗೆ. ಇದಕ್ಕೆ ಆ ಹೆಸರೇ ಇದೆ. ನ್ಯೂಯಾರ್ಕಿನಲ್ಲಿ ಬ್ಯಾಲೆ ಸಂಯೋಜಕ ಬ್ಯಾಲಂಚೀನ್‌ಗೆ ವೇಷ ಮಾಡುತ್ತಿದ್ದ ಬಾರ್ಬರಾ ಕರೀನ್ಸ್ಕಾ 1950ರಲ್ಲಿ ಸಿಂಫನಿ ಇನ್ ಸಿ ಅನ್ನೋ ಬ್ಯಾಲೆಗೆ ಹೂಪನ್ನು ಕಿತ್ತೆಸೆದು, ಗಿಡ್ಡ ಪದರಗಳನ್ನು ಸಡಿಲವಾಗಿ ಕಟ್ಟಿ ಇಂಥದ್ದನ್ನು ಮಾಡಿದ್ದರು. ರಂಗದ ತುಂಬ ಹುಡುಗಿಯರು ಒಟ್ಟಿಗೆ ಕುಣಿಯುವಾಗ ಹೂಪಿನ ತಟ್ಟೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಓಲಾಡುತ್ತವೆ, ಇದು ಹಾಗಾಗುವುದಿಲ್ಲ.

ಇಲ್ಲಿಗೇ ನಿಲ್ಲಿಸೋಣ ಅಂತ ಟೀಚರ್‌ಗೆ ಫೋಟೋ ಕಳಿಸಿದೆ. ತುಂಬ ಚಂದ ಇದೆ ಅಂದರು, ಆದರೆ ಪ್ಯಾನ್‌ಕೇಕ್ ಅಂದರೆ ಪ್ಯಾನ್‌ಕೇಕೇ ಅಂದರು. ನನಗೆ ಸ್ವಂತಕ್ಕೆ ಈಗಲೂ ಕರೀನ್ಸ್ಕಾ ಮಾದರಿಯೇ ಇಷ್ಟ. ತಟ್ಟೆಯಂಥದ್ದು ಮೈಗೆ ಸಂಬಂಧವೇ ಇಲ್ಲ ಅನ್ನೋ ಹಾಗೆ ಕಾಣುತ್ತದೆ. ಕಾಲು ಪೂರ್ತಿ ಕಾಣಲಿ ಅಂತಲೇ ಅದು ಹಾಗಾಗಿದ್ದು ಅನ್ನೋದೂ ನಿಜ. 1890ರ ದಶಕದಲ್ಲಿ ಇಟಲಿಯಿಂದ ರಷ್ಯಾದ ಪೀಟರ್ಸ್‌ಬರ್ಗಿಗೆ ಹೋದ ಪಿಯೆರೀನಾ ಲೆನ್ಯಾನಿಯಂಥವರು ಒಂದೇ ಕಾಲ ತುದಿಯ ಮೇಲೆ 32 ಸುತ್ತು ಸುತ್ತುತ್ತಿದ್ದರು. ಅಷ್ಟು ಕಷ್ಟಪಟ್ಟು ಸುತ್ತಿದ ಮೇಲೆ ಮಂಡಿ ಮುಚ್ಚಿಕೊಂಡರೆ ನೋಡುವವರಿಗೆ ಏನು ಗೊತ್ತಾಗಬೇಕು?

ನವೆಂಬರ್ 9: ಹಪ್ಪಳ

ಹೂಪ್ ಹೋಗುವುದು ಮೇಲಿನಿಂದ ನಾಲ್ಕನೇ ಪದರಕ್ಕೆ. ಆ 22 ಸೆಂಮೀ ಪದರದಲ್ಲಿ ಒಳಗಿನಿಂದ 15 ಸೆಂಮೀ ದೂರಕ್ಕೆ ಟೇಪ್ ಹೊಲಿದಿದ್ದೆ, ಚಡ್ಡಿಗೆ ಹಚ್ಚುವ ಮೊದಲೇ, ಈ ಒಂದು ಬುದ್ಧಿ ಮಾತ್ರ ಸರಿಯಾದ ಹೊತ್ತಿಗೆ ಬಂದಿತ್ತು.

ಹೂಪ್ ಎಷ್ಟು ಉದ್ದ? 72 ಸುತ್ತಳತೆ ಅಂದರೆ ಅರ್ಧವ್ಯಾಸ 11.5. ಅದಕ್ಕೆ 22 ಸೇರಿಸಿ 33.5, ಸುತ್ತಳತೆ 210. ಕತ್ತರಿಸಿ, ತೂರಿಸಿ, ಕೊಳವೆಯಲ್ಲಿ ಎರಡು ತುದಿ ಸೇರಿಸಿದೆ. ಕೈಬಿಟ್ಟ ತಕ್ಷಣ ಟುಟು ಎದ್ದು ತಿರುಚಿಕೊಂಡಿತು. ಮುಂದೆ ಮೇಲೆ, ಪಕ್ಕದಲ್ಲಿ ಕೆಳಗೆ, ಹಿಂದೆ ಮತ್ತೆ ಮೇಲೆ. ಎಣ್ಣೆಗೆ ಬಿಟ್ಟ ಹಪ್ಪಳ ನೋಡಿದ್ದೀರಲ್ಲ, ಥೇಟ್ ಅದೇ. ಮಗಳು ನೆಲದ ಮೇಲೆ ಉರುಳಾಡಿ ನಕ್ಕಳು.

ಪದರದ ಪೂರ್ತಿ ಅಗಲ ಸೇರಿಸಿದ್ದೆ, ಟೇಪ್ ಇರುವ ದೂರ ಸೇರಿಸಬೇಕಿತ್ತು. 11.5ಕ್ಕೆ 15 ಸೇರಿಸಿದರೆ 26.5, ಸುತ್ತಳತೆ 166. ಅಂದರೆ 44 ಸೆಂಮೀ ಜಾಸ್ತಿ ಉಕ್ಕು, ಅದಕ್ಕೆ ಜಾಗ ಸಿಗದೆ ಡೊಂಕಾಗಿತ್ತು. ಈ ಸಲ ಒಂದೇ ಏಟಿಗೆ ಕತ್ತರಿಸಲಿಲ್ಲ. ಮೊದಲು 174ಕ್ಕೆ ಇಳಿಸಿದೆ, ಇನ್ನೂ ಸ್ವಲ್ಪ ಅಲೆ. 170ಕ್ಕೆ ಬಂದಾಗ ಚಪ್ಪಟೆ ನಿಂತಿತು. ಲೆಕ್ಕದ 166 ಮುಟ್ಟಲೇ ಇಲ್ಲ. ಗಿಡ್ಡ ಮಾಡುವುದು ಸುಲಭ, ಉದ್ದ ಮಾಡಲು ಇನ್ನೊಂದು ಉಕ್ಕು ಬೇಕು.

ಚಪ್ಪಟೆ ನಿಂತ ಟುಟು ಹಾಕಿಕೊಂಡು ಅವಳು ಅಡುಗೆಮನೆಯಿಂದ ಹೊರಟಳು, ಬಾಗಿಲಲ್ಲಿ ನಿಂತುಬಿಟ್ಟಳು. ಟುಟುವಿನ ಅಡ್ಡಳತೆ 77 ಸೆಂಮೀ. ಈ ದೇಶದ ಒಳಬಾಗಿಲು 76. ಅಡ್ಡಡ್ಡ ಏಡಿ ಹಾಗೆ ಹೋಗಬೇಕಾಯಿತು.

ನವೆಂಬರ್ 10ರಿಂದ 17: ಚಿರೋಟಿ ಆಗಬೇಕಿದ್ದದ್ದು ಚಪಾತಿ

ಹೂಪ್ ಹಾಕಿದರೆ ಮುಗಿಯಲಿಲ್ಲ. ಹತ್ತು ಪದರವನ್ನೂ ಒಂದಕ್ಕೊಂದು ಕೈಹೊಲಿಗೆಯಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕುಣಿಯುವಾಗ ಒಂದೊಂದು ಒಂದೊಂದು ಕಡೆ ಹೋಗುತ್ತದೆ. ಟುಟು ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡು, ಉದ್ದ ಸೂಜಿಯಲ್ಲಿ ಕೆಳಗಿನಿಂದ ಮೇಲಕ್ಕೆ, ಪದರ ಪದರಕ್ಕೂ ಒಂದು ಕುಣಿಕೆ. ಮೂರು ಸುತ್ತು.

ಮೊದಲ ಸುತ್ತನ್ನು ನಾನು ಗಟ್ಟಿಯಾಗಿ ಎಳೆದು ಕಟ್ಟಿದೆ, ಗುಂಡಿ ಹಚ್ಚಿದ ಹಾಗೆ. ಅಭ್ಯಾಸ. ನಾಲ್ಕು ಗಂಟೆ ಕೆಲಸ. ನೋಡಿದರೆ ಪದರಗಳೆಲ್ಲ ಒಂದಕ್ಕೊಂದು ಅಂಟಿ, ಮೇಲಿನ ಪದರದಲ್ಲಿ ಕಟ್ಟಿದ ಕಡೆಯೆಲ್ಲ ಗುಳಿ. ಚಿರೋಟಿ ಹಾಗೆ ಪದರ ಪದರ ಗಾಳಿ ಇರಬೇಕಿತ್ತು, ಚಪಾತಿ ಆಗಿತ್ತು. ಬಿಚ್ಚಿದೆ. ಈ ಸಲ ಪದರಗಳ ನಡುವೆ ಬೆರಳು ಇಟ್ಟು, ಬೆರಳಿನಷ್ಟು ದಾರ ಸಡಿಲ ಬಿಟ್ಟು ಗಂಟು ಹಾಕಿದೆ. ದಾರ ಹಿಡಿಯುವುದಕ್ಕಲ್ಲ, ಇದಕ್ಕಿಂತ ದೂರ ಹೋಗಬೇಡ ಅಂತ ಹೇಳುವುದಕ್ಕೆ. ಕೆಳಗಿನ ಪದರಕ್ಕೆ ಸಡಿಲ ಕಡಿಮೆ, ಮೇಲಿನದಕ್ಕೆ ಸ್ವಲ್ಪ ಜಾಸ್ತಿ. ರಾತ್ರಿ ಊಟ ಆದ ಮೇಲೆ ದಿನಾ ಒಂದೂವರೆ ಗಂಟೆ, ಒಟ್ಟು ಒಂಬತ್ತು ಗಂಟೆ. ಮುಂಗೈ ತುಂಬ ನೆಟ್ ಗೀಚಿದ ಗೆರೆ, ಆಫೀಸಿನಲ್ಲಿ ಬೆಕ್ಕು ಸಾಕಿದ್ದೀರಾ ಅಂತ ಕೇಳಿದರು.

ನವೆಂಬರ್ 23

ಬಾಡಿಸ್ ಎಂಟು ತುಂಡಿನದ್ದು. ರವಿಕೆ ಹೊಲಿದ ಕೈಗೆ ಅದೇನೂ ಕಷ್ಟವಾಗಲಿಲ್ಲ. ಪಕ್ಕೆಯ ತುಂಡುಗಳನ್ನು ಮಾತ್ರ ಬಟ್ಟೆಯ ಓರೆಗೆ ಕತ್ತರಿಸಿದೆ, ಉಸಿರಾಟಕ್ಕೆ ಸ್ವಲ್ಪ ಹಿಗ್ಗಬೇಕಲ್ಲ. ಹಿಂದೆ ಕೊಕ್ಕೆ.

ತಪ್ಪಾಗಿದ್ದು ಜೋಡಿಸುವಾಗ. ಬಾಡಿಸ್ ಅಂಚನ್ನು ಬಾಸ್ಕ್‌ಗೆ ಸುತ್ತಲೂ ಮಷೀನಿನಲ್ಲಿ ಗಟ್ಟಿ ಹೊಲಿದೆ. ಹಾಕಿಸಿ, ಕೈ ಎತ್ತು ಅಂದೆ. ಎರಡು ಕೈ ತಲೆ ಮೇಲೆ ಹೋದವು, ಬಾಡಿಸ್ ಮೇಲಕ್ಕೆ ಬಂತು, ಅದರ ಹಿಂದೆ ಬಾಸ್ಕ್, ಅದರ ಹಿಂದೆ ಇಡೀ ಟುಟು ಪಕ್ಕೆಲುಬಿಗೆ ಬಂತು. ಚಡ್ಡಿ ಕಾಲಸಂದಿಯಲ್ಲಿ ಕಚ್ಚಿ ಅವಳು "ಅಮ್ಮಾ!" ಅಂತ ಕಿರುಚಿದಳು. ನೆಟ್ಟಗೆ ನಿಂತಾಗ ತೆಗೆದ 128ರ ಅಳತೆ. ಕೈ ಎತ್ತಿ ಅಳೆದರೆ 133. ಶೋಗೆ ಎರಡು ವಾರ. ಅವಳನ್ನು ಮಲಗಿಸಿ ಬಂದು ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಅಪ್ಪ ಕೇಳಿದ್ದು ಒಂದೇ ಮಾತು, "ಎರಡೂ ಒಂದೇ ಉಡುಪು ಅಂತ ಯಾರು ಹೇಳಿದ್ರು?" ತಿಪಟೂರಿನ ಶಾಲೆಗಳ ವಾರ್ಷಿಕೋತ್ಸವಕ್ಕೆ ಭರತನಾಟ್ಯದ ವೇಷ ಹೊಲಿದ ಮನುಷ್ಯ. ಅಲ್ಲಿ ರವಿಕೆ ಬೇರೆ, ಪೈಜಾಮ ಬೇರೆ, ಮುಂದಿನ ಫ್ಯಾನ್ ಬೇರೆ. ಮೇಲಿನದು ಎಳೆದರೆ ಕೆಳಗಿನದಕ್ಕೆ ಗೊತ್ತಾಗಬಾರದು. ನೋಡಿದರೆ ಬ್ಯಾಲೆ ಕಂಪನಿಗಳವರೂ ಮಾಡುವುದು ಅದನ್ನೇ, ಬಾಡಿಸ್ ಬೇರೆ ಹೊಲಿದು ಬಾಸ್ಕ್ ಮೇಲೆ ಅಲ್ಲಲ್ಲಿ ಮಾತ್ರ ಕಟ್ಟುತ್ತಾರೆ.

ಬಿಚ್ಚಿದೆ, ನಾಲ್ಕನೇ ಸಲ. ಸುತ್ತ ಆರು ಕಡೆ 2 ಸೆಂಮೀ ಎಲಾಸ್ಟಿಕ್ ತುಂಡು ಹಾಕಿ ಸಿಕ್ಕಿಸಿದೆ. ಬಾಡಿಸ್‌ನ ಮುಂದಿನ ಚೂಪು ತುದಿ ಬಾಸ್ಕ್ ಮೇಲೆ ಸುಮ್ನೆ ಕೂತಿರುತ್ತದೆ. ಕೈ ಎತ್ತಿದರೆ ಬಾಡಿಸ್ ಒಂದೂವರೆ ಬೆರಳು ಜಾರುತ್ತದೆ, ಟುಟು ಅಲುಗುವುದಿಲ್ಲ.

ನವೆಂಬರ್ 30

ಅಲಂಕಾರ. ಲೇಸ್ ಮತ್ತು ಕಲ್ಲಿಗೆ 9 ಪೌಂಡ್. ಮೇಲಿನ ಪದರದ ಮೇಲೆ ಹಚ್ಚುವ ಬಳ್ಳಿಗೆ ನನ್ನ ಹರಿದ ಮೈಸೂರು ಸಿಲ್ಕ್ ಸೀರೆಯ ಜರಿ ಅಂಚು ಬಿಡಿಸಿ ಹೊಲಿದೆ. ಮೊದಲು ಪೂರ್ತಿ ಸುತ್ತ ಹಾಕಿದೆ, ಭಾರಕ್ಕೆ ಅಂಚು ಬಾಗಿತು. ಅರ್ಧ ಕಿತ್ತೆ. ಸೊಂಟದ ಸುತ್ತ ಒಂದು ಕೈ ಅಗಲದೊಳಗೆ ಮಾತ್ರ ಅಲಂಕಾರ, ಅದರಾಚೆ ಬರೀ ನೆಟ್.

ಒಟ್ಟು ಖರ್ಚು, ಹಾಳಾದ ಟ್ಯೂಲ್ ಮತ್ತು ಸೂಜಿ ಸೇರಿಸಿ, ಸರಿಯಾಗಿ 80 ಪೌಂಡ್. ರೈಲಿನ ಟಿಕೆಟ್ ಸೇರಿಸಿಲ್ಲ, ಸೇರಿಸದಿದ್ದರೂ ಬಾಡಿಗೆಯದ್ದೇ ವಾಸಿ ಅಂತ ಮನೆಯವರು ಲೆಕ್ಕ ತೆಗೆಯುತ್ತಾರೆ. ಗಂಟೆಗಳನ್ನು 60ರ ಮೇಲೆ ಎಣಿಸುವುದು ಬಿಟ್ಟೆ.

ಡಿಸೆಂಬರ್ 7

ಕಾರಿನಲ್ಲಿ ಟುಟುಗೆ ಹಿಂದಿನ ಸೀಟು ಪೂರ್ತಿ. ಮಗಳು ಮುಂದೆ, ಮನೆಯವರು ಬಸ್ಸಿನಲ್ಲಿ ಬಂದರು. ಅವಳ ತುಣುಕು ಎರಡೇ ನಿಮಿಷ. ನಾನು ಕಾಲು ನೋಡಲಿಲ್ಲ, ಮುಖ ನೋಡಲಿಲ್ಲ, ಹೂಪಿನ ಜೋಡಣೆ ಇರುವ ಎಡ ಹಿಂಭಾಗವನ್ನೇ ನೋಡುತ್ತಿದ್ದೆ. ಸುತ್ತು ಮುಗಿಸಿ ಅವಳು ಗಕ್ಕನೆ ನಿಂತಾಗ ಟುಟು ಇನ್ನೂ ಅರ್ಧ ಕ್ಷಣ ನಡುಗಿ ಆಮೇಲೆ ನಿಂತಿತು. ಅದು ಹಾಗೆ ನಡುಗಲಿ ಅಂತಲೇ ದಾರ ಸಡಿಲ ಬಿಡುವುದು.

ಡಿಸೆಂಬರ್ 15

ಸ್ಥಿತಿ ವರದಿ. ಕೆಳಗಿನ ಎರಡು ಪದರ ಬೆವರಿಗೆ ಮೆತ್ತಗಾಗಿವೆ. ಹೂಪಿನ ಜೋಡಣೆ ಕೊಳವೆ ಟೇಪನ್ನು ತೂತು ಮಾಡಿ ಹೊರಗೆ ಇಣುಕುತ್ತಿದೆ, ಅದರ ಮೇಲೆ ಬಟ್ಟೆಯ ತೇಪೆ ಹಾಕಬೇಕು, ಮೊದಲೇ ಹಾಕಬೇಕಿತ್ತು. ಟುಟುವನ್ನು ತಲೆಕೆಳಗಾಗಿ, ಚಡ್ಡಿಯ ಕಾಲಿಗೆ ಎರಡು ಕ್ಲಿಪ್ ಹಾಕಿ ಬಾಗಿಲ ಹಿಂದೆ ನೇತುಹಾಕಿದ್ದೇನೆ. ನೆಟ್ಟಗೆ ನೇತುಹಾಕಿದರೆ ನೆಟ್ ಜೋತುಬೀಳುತ್ತದೆ. ಬೆನ್ನಿನ ಕೊಕ್ಕೆಗೆ 2 ಸೆಂಮೀ ಆಚೆ ಇನ್ನೊಂದು ಸಾಲು ಹಾಕಿದೆ, ಮುಂದಿನ ವರ್ಷಕ್ಕೆ.

8 ಮೀಟರ್ ಮೆತ್ತನೆ ಟ್ಯೂಲ್ ಇನ್ನೂ ಕಪಾಟಿನಲ್ಲಿದೆ. ಊರಿಗೆ ಬರುವಾಗ ತಂದುಬಿಡು, ಸೊಳ್ಳೆ ಪರದೆ ಹೊಲಿಯೋಣ ಅಂತ ಅಪ್ಪ ಹೇಳಿದ್ದಾರೆ.